ಮಾವನ ವಿಮಾನದಲ್ಲಿ ಅತ್ತೆಯ ವೈರು

ನಮ್ಮ ಸೋದರಮಾವನ ವಿಮಾನದಲ್ಲಿ ನಾನೊಂದು ವೈರು. ನಗಬೇಡಿ, ನಿಜ. ಬಳ್ಳಾರಿ ಸೀಮೆಯಲ್ಲಿ ಸ್ವಂತ ವಿಮಾನ ಇಟ್ಟುಕೊಂಡವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ವಿಮಾನದ ಹೊಟ್ಟೆಯೊಳಗೆ ಇಡೀ ಬಂಧುಬಳಗವನ್ನು ಎಳೆದು, ಬಿಗಿದು, ಚೀಟಿ ಹಚ್ಚಿ ಇಟ್ಟುಕೊಂಡವರು ನಮ್ಮ ಮಾವ ಒಬ್ಬರೇ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಮಾವನದು ಕೌಲ್ ಬಜಾರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಮೋಕದಿಂದಲೋ ಬಾದನಹಟ್ಟಿಯಿಂದಲೋ ರೈತರು ಮೋಟರ್ ಹೊತ್ತು ತಂದರೆ ಮಾವ ಮೊದಲು ಅದನ್ನು ಮೂಸುತ್ತಾರೆ. ಮೂಸಿ, "ಒಂದು ಫೇಸ್ ಹೋಗೇತಿ. ಮೋಟರ್ ಹಚ್ಚಿ ನೀ ಊಟಕ್ಕ ಮನಿಗೆ ಹೋಗಿದ್ದಿ" ಎನ್ನುತ್ತಾರೆ. ರೈತ ತಲೆ ತಗ್ಗಿಸುತ್ತಾನೆ. ಮಾವನಿಗೆ ಇಷ್ಟು ಹೆಸರು ಬಂದಿದ್ದರೂ ಅಂಗಡಿಯ ಅರ್ಧ ಮೋಟರುಗಳ ಸುರುಳಿಯನ್ನು ಸಂದಿಯೊಳಗೆ ಕೂರಿಸಿದ್ದು ಅತ್ತೆಯ ತೆಳ್ಳನೆಯ ಬೆರಳುಗಳು. ಮಾವನ ಬೆರಳು ದಪ್ಪ, ಸಣ್ಣ ಮೋಟರಿನೊಳಗೆ ಹೋಗುವುದಿಲ್ಲ. ಈ ಬೆರಳಿನ ವಿಷಯ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಇಂಥ ಮಾವನಿಗೆ ಅರವತ್ತರ ಹತ್ತಿರ ಬಂದಾಗ ವಿಮಾನದ ಹುಚ್ಚು ಹತ್ತಿತು. ಯಾರೋ ಪುಣ್ಯಾತ್ಮ ಮನೆಯಲ್ಲೇ ಕಟ್ಟಲು ಹೊರಟು, ಅರ್ಧಕ್ಕೆ ಬೇಸತ್ತು ಬಿಟ್ಟ ಎರಡು ಸೀಟಿನ ವಿಮಾನವೊಂದು ಮಾವನ ಪಾಲಾಯಿತು. ಮರದ ಅಸ್ಥಿಪಂಜರ, ಮೇಲೆ ಬಟ್ಟೆ, ಮೂತಿಗೆ ಸಣ್ಣದೊಂದು ಇಂಜಿನ್. ವೈರಿಂಗ್ ಮಾತ್ರ ಇರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರು ಮಾವನ ಹಳೇ ಗಿರಾಕಿ. ಗಿರಣಿಯ ಹಿಂದಿನ ಶೆಡ್ಡು ಬಿಟ್ಟುಕೊಟ್ಟರು. ಶೆಡ್ಡಿನ ಮುಂದೆ ಭತ್ತ ಒಣಹಾಕುವ ದೊಡ್ಡ ಸಿಮೆಂಟಿನ ಕಣ. ಹಾರಲು ಸರ್ಕಾರದ ಅನುಮತಿ ಬೇಕು, ಅದರ ಕಾಗದ ಇನ್ನೂ ಎಲ್ಲೋ ಓಡಾಡುತ್ತಿದೆ. "ಹಾರೂದು ಅವರ ಕೈಯಾಗೈತಿ. ಇಂಜಿನ್ ಚಾಲೂ ಮಾಡೂದು ನನ್ನ ಕೈಯಾಗೈತಿ" ಎಂದ ಮಾವ, ಎಲ್ಲರ ಎದುರಿಗೆ ಒಂದು ಶಪಥವನ್ನೂ ಮಾಡಿಬಿಟ್ಟರು: ಅತ್ತೆ ಎರಡನೇ ಸೀಟಿನಲ್ಲಿ ಕೂತ ಮೇಲೆಯೇ ಇಂಜಿನ್ ಚಾಲೂ, ಅಲ್ಲಿಯವರೆಗೆ ಇಲ್ಲ!

ಅತ್ತೆ ಮೊದಲು ಒಪ್ಪಿಯೂ ಇದ್ದರು. ಕೆಡಿಸಿದ್ದು ಆ ಚೀಟಿಗಳು.

ವಿಮಾನದ ವೈರಿಂಗ್ ಎಂದರೆ ಕಾರಿನ ಹಾಗಲ್ಲವಂತೆ. "ಕಾರಿಗೆ ಕಬ್ಬಿಣದ ಮೈ ಐತಿ, ಕರೆಂಟು ಮೈಯಾಗಿಂದ ವಾಪಸ್ ಬರ್ತೈತಿ. ಇದು ಕಟಗಿ. ಹೋದ ಕರೆಂಟಿಗೆ ವಾಪಸ್ ಬರಾಕ ನಾವ ದಾರಿ ಮಾಡಿಕೊಡಬೇಕು. ಬರೋ ದಾರಿ ಇಲ್ಲಂದ್ರ ಅದು ಹೋಗೂದ ಇಲ್ಲ" ಎಂದು ಮಾವ ವಿವರಿಸಿದ್ದರು. ಹಾಗಾಗಿ ಪ್ರತಿಯೊಂದು ಸಾಮಾನಿಗೂ ಹೋಗಲೊಂದು ಕೆಂಪು ವೈರು, ಬರಲೊಂದು ಕಪ್ಪು ವೈರು. ಕಪ್ಪು ವೈರುಗಳೆಲ್ಲ ಪ್ಯಾನೆಲ್ಲಿನ ಹಿಂದಿನ ಒಂದೇ ಹಿತ್ತಾಳೆ ತಗಡಿಗೆ ಬಂದು ಸೇರುತ್ತವೆ. ಪ್ಯಾನೆಲ್ಲು ಎಂದರೆ ಚಾಲಕನ ಮುಂದೆ ಮೀಟರು, ಸ್ವಿಚ್ಚುಗಳನ್ನು ಕೂರಿಸಿದ ಹಲಗೆ. ಜಾಣರು ವೈರುಗಳಿಗೆ ಒಂದು, ಎರಡು, ಮೂರು ಎಂದು ನಂಬರು ಬರೆಯುತ್ತಾರೆ. ಮಾವನಿಗೆ ನಂಬರು ನೆನಪಿರುವುದಿಲ್ಲ, ನೆಂಟರು ನೆನಪಿರುತ್ತಾರೆ. ಒಂದೊಂದು ವೈರಿಗೂ ಒಬ್ಬೊಬ್ಬ ನೆಂಟರನ್ನು ಗೊತ್ತುಮಾಡಿ, ಚೀಟಿ ಬರೆದು, ಮೇಲೊಂದು ಪಾರದರ್ಶಕ ಕೊಳವೆ ತೂರಿಸಿ ಬಿಸಿ ಮಾಡಿ ಕೂರಿಸಿದರು.

ಇಂಜಿನ್ ಎಬ್ಬಿಸುವ ಹೆಬ್ಬೆರಳು ದಪ್ಪದ ಕೇಬಲ್ಲಿಗೆ "ಅಕ್ಕ" ಎಂದಿತ್ತು. ಅಂದರೆ ನನ್ನ ಅಮ್ಮ.

"ನನ್ನ ಹೆಸರು ಇದಕ್ಕ ಯಾಕ ಇಟ್ಟಿ?" ಎಂದು ಅಮ್ಮ ಕೇಳಿದಳು.

"ಎರಡ ಸೆಕೆಂಡು ಭಾಳ ಜೋರು ಕರೆಂಟು ಹರೀತೈತಿ ಅಕ್ಕ. ಆಮ್ಯಾಲೆ ದಿನಾ ಪೂರ್ತಿ ತಣ್ಣಗಿರ್ತೈತಿ."

ಅಮ್ಮ ಅವರ ಜೊತೆ ಎಂಟು ದಿನ ಮಾತು ಬಿಟ್ಟಳು. ಎರಡು ಸೆಕೆಂಡಿನ ಲೆಕ್ಕ ತಪ್ಪಾಗಿತ್ತೆಂದು ಮಾವ ಆಮೇಲೆ ಒಪ್ಪಿಕೊಂಡರು.

ಕುರುಗೋಡಿನಲ್ಲಿರುವ ಅತ್ತೆಯ ತಮ್ಮನನ್ನು ಫ್ಯೂಸಿಗೆ ಹಾಕಿದ್ದರು. ಯಾವ ಮದುವೆಯಲ್ಲಾದರೂ ಸರಿ, ಮೊದಲು ಮುನಿಸಿಕೊಂಡು ಎದ್ದು ಹೋಗುವವನು ಆತನೇ. "ತಾನು ಹೋಗಿ ಮನಿ ಉಳಸ್ತಾನ" ಎಂದು ಮಾವ ವಿವರಿಸಿದಾಗ ಆತ ಅದನ್ನು ಸನ್ಮಾನವೆಂದು ತಿಳಿದು ಅವತ್ತೊಂದು ದಿನ ಮುನಿಸಿಕೊಳ್ಳದೆ ಊಟ ಮಾಡಿ ಹೋದ. ಇನ್ನು ನಾನು? ಪ್ಯಾನೆಲ್ಲಿನಿಂದ ಬಾಲದವರೆಗೆ ಎಳೆದ, ಎರಡು ತುದಿಯೂ ಯಾವುದಕ್ಕೂ ಸೇರದ ಒಂದು ಬಿಳಿ ವೈರು. ಸ್ಪೇರ್! ನಲವತ್ತಾಗುತ್ತ ಬಂದರೂ ನನಗೆ ಮದುವೆಯಾಗಿಲ್ಲ ಎಂಬ ಮಾತನ್ನು ಊರಿನವರು ಹಲವು ಬಗೆಯಲ್ಲಿ ಆಡಿದ್ದಾರೆ. ತಾಮ್ರದಲ್ಲಿ ಆಡಿದವರು ಮಾವ ಒಬ್ಬರೇ.

"ಸಿಟ್ಟಾಗಬ್ಯಾಡವಾ. ಯಾವ ವೈರು ಕೈಕೊಟ್ರೂ ನಾ ಮೊದಲು ಹುಡುಕೂದು ನಿನ್ನ" ಎಂದರು. ಅದು ಸಮಾಧಾನವೋ ಇನ್ನೊಂದು ಪೆಟ್ಟೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅತ್ತೆ ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದುತ್ತ ಹೋದರು. ಅಕ್ಕ, ಭಾವ, ಕುರುಗೋಡು ತಮ್ಮ, ಸೊಸೆಯಾಗಿ ಬಂದವರು, ಬೀಗರಾಗಿ ಹೋದವರು. ಗಿರಣಿ ಮಾಲೀಕರು ಕೂಡ ಲ್ಯಾಂಡಿಂಗ್ ಲೈಟಾಗಿ ಅಲ್ಲಿದ್ದರು. ಅತ್ತೆ ಇರಲಿಲ್ಲ.

"ನಂದು ಯಾವುದ್ರಿ?"

"ನಿಂದು ಹಂಗ ಕಾಣಂಗಿಲ್ಲ" ಎಂದು ಮಾವ ತಿರುಪುಳಿ ಹುಡುಕುವವರಂತೆ ಬಗ್ಗಿದರು.

ಮೂವತ್ತೈದು ವರ್ಷ ತಂತಿ ಸುತ್ತಿದ ಹೆಂಗಸಿಗೆ ಇಡೀ ವಿಮಾನದಲ್ಲಿ ಒಂದು ಮೊಳ ತಂತಿ ಇಲ್ಲ! ಅತ್ತೆ ಕನ್ನಡಕ ಮಡಚಿದರು. "ನನ್ನ ವೈರಿಲ್ಲದ ವಿಮಾನದಾಗ ನಾ ಕೂಡಂಗಿಲ್ಲ" ಎಂದರು. ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಮಾವನ ಶಪಥ ಅವರ ಕೊರಳಿಗೇ ಬಂತು.

ನಿಮಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮಾವ ಹೆಂಡತಿಯನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ. ಎದುರಿಗಿದ್ದರೆ "ಕೇಳ್ತೈತೇನ", ಇಲ್ಲದಿದ್ದರೆ "ಇಕಿ". ಮದುವೆಯಲ್ಲಿ ಒಡಪು ಹಾಕಿ ಹೆಂಡತಿಯ ಹೆಸರು ಹೇಳು ಎಂದು ಹೆಣ್ಣುಮಕ್ಕಳೆಲ್ಲ ಬಾಗಿಲಿಗೆ ಅಡ್ಡ ನಿಂತಾಗ ಕೆಮ್ಮಿ ಕೆಮ್ಮಿಯೇ ಒಳಗೆ ನುಸುಳಿದರಂತೆ. ಅಮ್ಮ ಆ ಕೆಮ್ಮನ್ನು ಈಗಲೂ ಅನುಕರಿಸಿ ತೋರಿಸುತ್ತಾಳೆ.

ಅತ್ತೆಯನ್ನು ಒಲಿಸಲು ಮಾವ ಪ್ಯಾನೆಲ್ಲಿನ ಸಾಮಾನುಗಳ ಆಯ್ಕೆಯಲ್ಲಿ ಅವರ ಸಲಹೆ ಕೇಳತೊಡಗಿದರು. ಸಲಹೆ ಕೇಳಿದ್ದು ಅವರೊಬ್ಬರನ್ನೇ, ಕೊಟ್ಟವರು ಇಡೀ ಸಿರುಗುಪ್ಪದವರು! ಗಿರಣಿ ಮಾಲೀಕರಿಗೆ ಹಾಡಿನ ಪೆಟ್ಟಿಗೆ ಬೇಕಿತ್ತು. ಅಮ್ಮನಿಗೆ ಒಂದು ಸಣ್ಣ ಶಿವಲಿಂಗ, ಅದರ ಮೇಲೊಂದು ದೀಪ. ಹಮಾಲಿಗಳು ಒಮ್ಮತದಿಂದ ಹಾರ್ನ್ ಸೂಚಿಸಿದರು. ಮಾವ ಪ್ರತಿಯೊಂದನ್ನೂ ಗಿರಣಿಯ ತಕ್ಕಡಿಯಲ್ಲಿಟ್ಟು ತೂಗಿ, "ಇಷ್ಟು ಭಾರ ಹೊತ್ರ ಅದು ಲಾರಿ ಆಗ್ತೈತಿ, ವಿಮಾನ ಆಗಂಗಿಲ್ಲ" ಎಂದು ಕೆಳಗಿಳಿಸಿದರು. ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ಹೊಸ ಯಂತ್ರ ಬೇಕೋ, ಮುಳ್ಳಿನ ಹಳೇ ಮೀಟರುಗಳು ಸಾಕೋ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ತೀರ್ಪು ಕೊಟ್ಟವರು ಅತ್ತೆ: "ಪರದೆ ಕೆಟ್ರ ಎಲ್ಲಾ ಒಮ್ಮೆ ಹೋಗ್ತಾವ. ಮುಳ್ಳಿನವು ಒಂದೊಂದ ಕೆಡ್ತಾವ, ಉಳಿದವು ದಾರಿ ತೋರಸ್ತಾವ." ಮಾವ ಮುಳ್ಳಿನವನ್ನೇ ಹಾಕಿದರು. ಎತ್ತರ ತೋರಿಸುವ ಮೀಟರನ್ನು ಪರೀಕ್ಷಿಸಲು ಅದನ್ನು ಟವೆಲ್ಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಳ್ಳಾರಿಯ ಕೋಟೆ ಗುಡ್ಡ ಹತ್ತಿದರು. ಮೇಲೆ ಮುಟ್ಟುವ ಹೊತ್ತಿಗೆ ಮೀಟರು ಸರಿಯಾಗಿ ತೋರಿಸುತ್ತಿತ್ತು, ಮಾವನಿಗೆ ಮಾತ್ರ ಉಸಿರು ಇರಲಿಲ್ಲ. ಇಷ್ಟೆಲ್ಲ ಆದರೂ ಅತ್ತೆ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ದಿಕ್ಸೂಚಿ ಹಟ ಹಿಡಿಯಿತು. ಪ್ಯಾನೆಲ್ಲಿನ ಮೇಲೆ ಕೂರಿಸಿದ ಮಾರನೇ ದಿನದಿಂದ ಅದು ಉತ್ತರವನ್ನು ಬಿಟ್ಟು ಕುರುಗೋಡಿನ ಕಡೆ ಮುಖ ಮಾಡಿ ಕೂತಿತು. ಮಾವ ವೈರುಗಳನ್ನು ಜಡೆ ಹೆಣೆದಂತೆ ಹೆಣೆದು ನೋಡಿದರು, ಸ್ವಿಚ್ಚುಗಳನ್ನೆಲ್ಲ ಆರಿಸಿ ನೋಡಿದರು. ಉಹೂಂ, ಕುರುಗೋಡೇ.

"ಅದಕ್ಕರ ಗೊತ್ತೈತಿ, ನನ್ನ ತವರುಮನಿ ಯಾವ ಕಡಿ ಅಂತ" ಎಂದರು ಅತ್ತೆ, ಅಕ್ಕಿ ಆರಿಸುತ್ತಲೇ.

ಮೂರನೇ ದಿನ ಗೊತ್ತಾಯಿತು, ದೃಷ್ಟಿಯಾಗದಿರಲೆಂದು ಅಮ್ಮ ಪ್ಯಾನೆಲ್ಲಿನ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಳು. ಪೋಣಿಸಿದ್ದು ಕಬ್ಬಿಣದ ತಂತಿಯಲ್ಲಿ! ಮಾವ ಬೈಯಲಿಲ್ಲ. ನಿಂಬೆಹಣ್ಣನ್ನು ನೂಲಿಗೆ ಪೋಣಿಸಿ, ತೂಗಿ, ಮತ್ತೆ ಅಲ್ಲೇ ಕಟ್ಟಿದರು.

ಆಯುಧಪೂಜೆಯ ದಿನ ನಾವೆಲ್ಲ ಸಿರುಗುಪ್ಪಕ್ಕೆ ಹೋದೆವು. ಮಾರನೇ ದಿನ ಬೆಳಿಗ್ಗೆ ಒಳ್ಳೆಯ ಮುಹೂರ್ತ, ಇಂಜಿನ್ ಚಾಲೂ ಮಾಡುವುದೆಂದು ಮಾವ ಸಾರಿದ್ದರು. ಅತ್ತೆ ಕೂರುವುದಿಲ್ಲ ಎಂದರೂ ಸಾರಿದ್ದರು. ಅದು ಧೈರ್ಯವೋ ಪ್ರಾರ್ಥನೆಯೋ, ಹೇಳುವುದು ಕಷ್ಟ. ಪೂಜೆಯಲ್ಲಿ ವಿಭೂತಿ ಹಚ್ಚುವ ಕೆಲಸ ನನಗೆ ಬಂತು. "ಒಂದೂ ಬಿಡಬ್ಯಾಡ, ಬಿಟ್ಟದ್ದು ಕೆಡ್ತೈತಿ" ಎಂದಳು ಅಮ್ಮ. ನಾನು ಬಿಡಲಿಲ್ಲ. ಗಾಲಿ, ರೆಕ್ಕೆ, ಮೀಟರು, ಸ್ವಿಚ್ಚು ಮುಗಿಸಿ, ಪ್ಯಾನೆಲ್ಲಿನ ಮೇಲಿಂದ ಹಿಂದಕ್ಕೆ ಕೈ ಇಳಿಬಿಟ್ಟು ಕಾಣದ ದೇವರಿಗೂ ತಡಕಿ ತಡಕಿ ಬಳಿದೆ. ಸಂಜೆ ಮಾವ ಸೀಟು ಕೂರಿಸುವ ಮೊದಲು ಅಂಗಾತ ಮಲಗಿ ಪೂಜೆಗೆಂದು ಬಿಚ್ಚಿಟ್ಟಿದ್ದ ಬ್ಯಾಟರಿಯ ಕಪ್ಪು ಕೇಬಲ್ಲನ್ನು ಪ್ಯಾನೆಲ್ಲಿನ ಹಿಂದಿನ ಹಿತ್ತಾಳೆ ತಗಡಿಗೆ ಬಿಗಿದು ಎದ್ದರು. "ಕಣ್ಣಾಗ ಏನೋ ಬಿತ್ತು ನೋಡವಾ" ಎಂದು ನನಗೇ ತೋರಿಸಿದರು. ನಾನು ಊದಿದೆ.

ಬೆಳಿಗ್ಗೆ ಕಣದ ತುಂಬ ಜನ. ಮೊದಲು ದೀಪ, ಮೀಟರು ನೋಡಿಬಿಡೋಣವೆಂದು ಮಾವ ಮುಖ್ಯ ಸ್ವಿಚ್ಚು ಹಾಕಿದರು. ಏನೂ ಇಲ್ಲ. ಒಂದು ದೀಪ ಮಿಣುಕಲಿಲ್ಲ, ಒಂದು ಮುಳ್ಳು ಮಿಸುಕಲಿಲ್ಲ. ಅಕ್ಕ, ಭಾವ, ಬೀಗರು, ಗಿರಣಿ ಮಾಲೀಕರು, ಎಲ್ಲರೂ ಒಟ್ಟಿಗೆ ಸತ್ತಿದ್ದರು!

ಮಾವನ ಮುಖ ನೋಡಲಾಗಲಿಲ್ಲ. ಬ್ಯಾಟರಿ ನೋಡಿದರು, ಫ್ಯೂಸು ನೋಡಿದರು. ಕುರುಗೋಡಿನ ತಮ್ಮ ತನ್ನ ತಪ್ಪಿಲ್ಲವೆಂದು ಎಲ್ಲರಿಗೂ ಹೇಳುತ್ತ ತಿರುಗಿದ. ಜನ ಮುಸಿಮುಸಿ ನಗತೊಡಗಿದರು. ಕೊನೆಗೆ ಮಾವ ಮೆಲ್ಲಗೆ, "ಹೋಗೂ ದಾರಿ ಎಲ್ಲಾ ಸರಿ ಅದಾವ. ಬರೂ ದಾರ್ಯಾಗ ಐತಿ ತಕರಾರು" ಎಂದರು. ಪ್ಯಾನೆಲ್ಲಿನ ಹಿಂದೆ ಕೈ ತೂರಿಸಿದರು. ಬೆರಳು ಹೋಗಲಿಲ್ಲ. ಸೀಟು ಬಿಚ್ಚಬೇಕು, ಅರ್ಧ ದಿನ ಹೋಗುತ್ತದೆ, ಮುಹೂರ್ತವೂ ಹೋಗುತ್ತದೆ.

"ಆ ಕಡಿ ಸರೀರಿ" ಎಂಬ ದನಿ ಕೇಳಿತು. ಅತ್ತೆ ಸೆರಗು ಸಿಕ್ಕಿಸಿ, ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು, ಎರಡನೇ ಸೀಟಿಗೆ ಹತ್ತಿದರು. ಕಾಲು ಮೇಲೆ, ತಲೆ ಕೆಳಗೆ, ಪ್ಯಾನೆಲ್ಲಿನ ಹಿಂದಕ್ಕೆ ಮುಖ. ನಾನು ಮೊಬೈಲಿನ ಬೆಳಕು ಹಿಡಿದೆ.

"ಯಾರಿದು, ಬೋಲ್ಟಿಗೆ ವಿಭೂತಿ ಬಳದವರು? ಅದರ ಮ್ಯಾಲ ಕೇಬಲ್ ಬಿಗಿದ್ರ ಕರೆಂಟು ಎಲ್ಲಿಂದ ಹೋಗ್ಬೇಕು?" ಎಂದರು ಒಳಗಿನಿಂದ. ನಾನು ಬೆಳಕನ್ನು ಇನ್ನಷ್ಟು ಒಳಗೆ ಹಿಡಿದೆ. ಬಾಯಿ ಬಿಡಲಿಲ್ಲ, ಈಗ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಅತ್ತೆ ಬೋಲ್ಟು ಸಡಿಲಿಸಿದರು, ಸೆರಗಿನ ತುದಿಯಿಂದ ಒರೆಸಿದರು, ಎಮರಿ ಕಾಗದದಿಂದ ತಿಕ್ಕಿದರು. ಆಮೇಲೆ ಕೈ ನಿಂತಿತು. ಏನಾಯಿತೋ ಎಂದು ನಾನೂ ತಲೆ ಬಗ್ಗಿಸಿ ನೋಡಿದೆ.

ಎಲ್ಲ ಕಪ್ಪು ವೈರುಗಳೂ ಬಂದು ಸೇರುವ ಆ ಹಿತ್ತಾಳೆ ತಗಡಿನ ಮೇಲೆ ಒಂದು ಚೀಟಿ ಇತ್ತು. ಮೇಲೆ ವಾರ್ನಿಷ್, ಮೋಟರಿಗೆ ಹಾಕುವ ವಾರ್ನಿಷ್, ಒಂದಲ್ಲ ಮೂರು ಸಲ ಬಳಿದದ್ದು. "ಅಕ್ಕ", "ಭಾವ" ಎಂಬಂಥ ಸಂಬಂಧವಲ್ಲ ಅದರ ಮೇಲಿದ್ದದ್ದು. ಅತ್ತೆಯ ಹೆಸರು. ಇಡೀ ಹೆಸರು, ಮಾವನ ಗುಂಡು ಅಕ್ಷರದಲ್ಲಿ. ಮೂವತ್ತೈದು ವರ್ಷ ಬಾಯಿಗೆ ಬಾರದ ಹೆಸರನ್ನು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬರೆದಿಟ್ಟಿದ್ದರು ಆ ಮನುಷ್ಯ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರಿಬ್ಬರದು. ನನಗೆ ಮಾತ್ರ ಅಳು ಬಂತು, ವಿಭೂತಿ ಕಣ್ಣಿಗೆ ಬಿತ್ತೆಂದು ಹೇಳಿದೆ.

ಅತ್ತೆ ಕೇಬಲ್ಲು ಬಿಗಿದು, ತಲೆ ಎತ್ತಿ, ಸೀಟಿನಲ್ಲಿ ನೆಟ್ಟಗೆ ಕೂತರು. ಇಳಿಯಲಿಲ್ಲ. ಬೆಲ್ಟು ಹಾಕಿಕೊಂಡರು.

"ಅಕ್ಷರ ಭಾಳ ಸಣ್ಣವು ಬರದೀರಿ" ಎಂದರು.

ಮಾವ ಕೆಮ್ಮಿದರು. ಅಮ್ಮ ತೋರಿಸುತ್ತಿದ್ದ ಅದೇ ಕೆಮ್ಮು.

ಸ್ವಿಚ್ಚು ಹಾಕಿದರು. ಬಳಗವೆಲ್ಲ ಒಟ್ಟಿಗೆ ಬೆಳಗಿತು. ಇಂಜಿನ್ ಎರಡು ಸಲ ಗೊರಗೊರ ಎಂದು ಹಿಡಿದುಕೊಂಡಿತು, ಕಣದ ಹೊಟ್ಟು ಎದ್ದು ಎಲ್ಲರ ತಲೆಯ ಮೇಲೆ ಬಿತ್ತು, ಯಾರ ಮಾತೂ ಯಾರಿಗೂ ಕೇಳದಷ್ಟು ಸದ್ದು. ಆ ಸದ್ದಿನೊಳಗೆ ಮಾವ ಅತ್ತೆಯ ಕಡೆ ತಿರುಗಿ ಏನೋ ಅಂದರು. ತುಟಿ ಅಲುಗಿದ್ದು ನೋಡಿದೆ. "ಕೇಳ್ತೈತೇನ" ಅಲ್ಲ, ಅಷ್ಟು ಉದ್ದ ಇರಲಿಲ್ಲ. ಅತ್ತೆ ಥಟ್ಟನೆ ತಿರುಗಿ ನೋಡಿದರು.

ಇಳಿದ ಮೇಲೆ ನಾನು, "ಮಾವ ಏನಂದ್ರು ಅತ್ತಿ?" ಎಂದು ಕೇಳಿದೆ.

"ಯಾರಿಗ್ಗೊತ್ತು, ಆ ಗದ್ದಲದಾಗ ಏನ್ ಕೇಳ್ತೈತಿ" ಎಂದು ಅತ್ತೆ ಸೆರಗಿನಿಂದ ತಲೆಯ ಹೊಟ್ಟು ಕೊಡವಿಕೊಂಡರು. ಆದರೆ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಮತ್ತು ಸಂಜೆಯವರೆಗೂ ಯಾರು ಏನು ಕೇಳಿದರೂ ಅವರಿಗೆ ನಗು ಬರುತ್ತಿತ್ತು.