ಅಣ್ಣನ ಜಾರುಹಲಗೆಗಳು

ಹಿಮ ಬೀಳದ ಊರಿನಲ್ಲಿ ಹಿಮದ ಮೇಲೆ ಜಾರುವ ಹಲಗೆ ಮಾಡಿ ಮೈಕೈ ಮುರಿದುಕೊಂಡ ಮನುಷ್ಯ ಇಡೀ ಹರಪನಹಳ್ಳಿ ತಾಲ್ಲೂಕಿಗೆ ಒಬ್ಬನೇ. ನನ್ನ ಗ್ರಹಚಾರಕ್ಕೆ ಅವನು ನನ್ನ ಅಣ್ಣ! ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ, ಊರೆಲ್ಲ ನಕ್ಕಾಗಿದೆ. ನನಗೆ ಮಾತ್ರ ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾಕೆಂದರೆ ಅವನ ಮೈಯ ಜೊತೆಗೆ ನನ್ನ ತೇಗದ ಹಲಗೆಯೂ ಹೋಯಿತು.

ಆ ಹಲಗೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಬಡಗಿ. ಊರಿನ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕ ವರ್ಷ, ಮೇಜು ಮಾಡಿಕೊಡುತ್ತೇನೆಂದು ಆಳುದ್ದದ ಅಗಲವಾದ ತೇಗದ ಹಲಗೆ ತಂದ. ಅದರ ಒಂದು ಅಂಚಿನ ನಡುವೆ ಪೆನ್ಸಿಲ್ಲಿನಲ್ಲಿ ನನ್ನ ಹೆಸರನ್ನೂ ಮೇಜಿನ ಅಳತೆಯನ್ನೂ ಬರೆದಿಟ್ಟ. ಮೇಜು ಮಾಡುವ ಮೊದಲೇ ತೀರಿಕೊಂಡ. ಬೇರೆ ಬಡಗಿಯ ಕೈಗೆ ಅದನ್ನು ಕೊಡಲು ನನಗೆ ಮನಸ್ಸಾಗದೆ, ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟೆ. ಅಣ್ಣನಿಗೆ ಕೊಡುವ ಮಾತೇ ಇರಲಿಲ್ಲ. ಅವನು ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ಉಳಿ ಹಿಡಿದರೆ ಮೊದಲು ಕುಯ್ಯುವುದು ತನ್ನ ಬೆರಳನ್ನೇ!

ಹುಚ್ಚು ಹತ್ತಿದ್ದು ಮೆಕ್ಕೆಜೋಳದಿಂದ. ನಮ್ಮ ಉಚ್ಚಂಗಿದುರ್ಗದ ಕಡೆ ಕಣದಲ್ಲಿ ಜಾಗ ಸಾಲದಿದ್ದರೆ ಬಂಡೆಯ ಮೇಲೆಯೇ ಕಾಳು ಹರವುತ್ತೇವೆ. ಆಗಾಗ ಪಾದ ಎಳೆದುಕೊಂಡು ಅದರಲ್ಲಿ ನಡೆದರೆ ತಳದ ಕಾಳು ಮೇಲೆ ಬಂದು ಒಣಗುತ್ತದೆ. ಹಾಗೆ ತಿರುವುತ್ತಿದ್ದಾಗ ಅಣ್ಣ ಕಾಲು ಜಾರಿ ಬಿದ್ದು, ಇಳಿಜಾರಿನ ತಳದವರೆಗೂ ಕೂತಂತೆಯೇ ಹೋದ. ಬೇರೆ ಯಾರಾದರೂ ಆಗಿದ್ದರೆ ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದರು. ಇವನು ಹಿಂದಿನ ವಾರವಷ್ಟೇ ಟಿವಿಯಲ್ಲಿ ಹಿಮದ ಮೇಲೆ ಜಾರುವವರನ್ನು ನೋಡಿದ್ದ!

"ತಂಗೀ, ಕಾಲಿಗೆ ಹಲಗಿ ಕಟ್ಟಿಕೊಂಡು ಜಾರಿದ್ರ ಕಾಳು ತಿರುವಿದಂಗೂ ಆತು, ಆಟ ಆಡಿದಂಗೂ ಆತು!"

"ಹಲ್ಲು ಉದುರಿದಂಗೂ ಆತು," ಎಂದೆ.

ಕೇಳಿದನೇ? ಹಳೇ ಬಾಗಿಲಿನ ಬೇವಿನ ಪಟ್ಟಿ ಎರಡು ಕಿತ್ತು, ಸೈಕಲ್ ಟ್ಯೂಬಿನಿಂದ ಕಾಲಿಗೆ ಬಿಗಿದುಕೊಂಡ. ಪಟ್ಟಿಯ ಮೂತಿ ನೆಟ್ಟಗಿತ್ತಲ್ಲ, ಹೋಗಿ ಕಾಳಿನೊಳಗೆ ನಾಟಿಕೊಂಡಿತು. ಹಲಗೆ ನಿಂತಿತು, ಅಣ್ಣ ಮುಂದಕ್ಕೆ ಹೋದ. ಅವನ ಮೂಗಿನಲ್ಲಿ ಸಿಕ್ಕಿಕೊಂಡ ಕಾಳನ್ನು ಅತ್ತಿಗೆ ತಲೆಪಿನ್ನಿನಿಂದ ತೆಗೆದರು. ಅವನಿಗೆ ನಾಚಿಕೆಯೇನೂ ಆಗಲಿಲ್ಲ. ನನ್ನದೇ ಚಾಕ್‌ಪೀಸು ಕದ್ದು ಅಡುಗೆಮನೆಯ ಬಾಗಿಲ ಮೇಲೆ ಬರೆದ: "ಮೂತಿ ಮ್ಯಾಲಿರಬೇಕು."

ಎರಡನೆಯದು ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪು ಸೀಳಿ, ಬೆಂಕಿಗೆ ಹಿಡಿದು ಚಪ್ಪಟೆ ಮಾಡಿ, ಮೂತಿ ಬಾಗಿಸಿದ್ದು. ಅದು ಜಾರಿತು! ಜಾರಿದ್ದೇನೋ ಸರಿ, ನಿಲ್ಲಬೇಕಲ್ಲ? ಬಂಡೆ ಮುಗಿದರೂ ಅಣ್ಣ ಮುಗಿಯಲಿಲ್ಲ. ಪಕ್ಕದ ಮನೆಯ ಎಮ್ಮೆ ನೀರು ಕುಡಿಯುತ್ತಿದ್ದ ತೊಟ್ಟಿಗೇ ಹೋಗಿ ಬಿದ್ದ. ಬೆದರಿದ ಎಮ್ಮೆ ಮೂರು ದಿನ ಹಾಲು ಕೊಡಲಿಲ್ಲ. ಎಮ್ಮೆಯ ಒಡತಿ ಬಂದು ಜಗಳ ತೆಗೆದದ್ದು ಯಾರ ಮೇಲೆ? ನನ್ನ ಮೇಲೆ!

"ಏನ್ರೀ ಟೀಚರಮ್ಮ, ಊರ ಮಕ್ಕಳಿಗೆಲ್ಲ ಬುದ್ಧಿ ಹೇಳ್ತೀರಿ. ನಿಮ್ಮ ಮನ್ಯಾಗ ಒಬ್ಬ ಅದಾನಲ್ಲ, ಅವಗ ಯಾರು ಹೇಳಬೇಕ್ರಿ?"

ನಾನು ತಲೆತಗ್ಗಿಸಿ ನಿಂತಿದ್ದೆ. ಅಣ್ಣ ಒದ್ದೆ ಲುಂಗಿಯಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದ: "ಪ್ಲಾಸ್ಟಿಕ್ ಬ್ಯಾಡ. ಕಟಗೀನ ಬೇಕು."

ಮೂರನೆಯದಕ್ಕೆ ಜಾಲಿ. ಅದರ ಮೂತಿ ಬಾಗಿಸಲು ಬಚ್ಚಲ ಹಂಡೆಯ ಕುದಿನೀರಿನಲ್ಲಿ ಎರಡು ದಿನ ಮುಳುಗಿಸಿಟ್ಟ. ಆ ಎರಡು ದಿನ ನಾನು ಕಷಾಯದಲ್ಲಿ ಸ್ನಾನ ಮಾಡಿ ಶಾಲೆಗೆ ಹೋದೆ. ಈ ಸಲ ಕಾಲು ಬಿಗಿಯುವ ಟ್ಯೂಬನ್ನು ತೀರಾ ಹಿಂದಕ್ಕೆ ಕಟ್ಟಿದ್ದನಾದ್ದರಿಂದ ಅಂಗಾತ ಬಿದ್ದ, ಹಲಗೆಯೂ ಸೀಳಿತು. ಹದಿನೈದು ದಿನ ಕೂರಲಾಗದೆ ನಿಂತುಕೊಂಡೇ ಮೋಟರು ಕಟ್ಟಿದ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಮೂರನೆಯ ಪಾಠ: "ಪಾದ ನಟ್ಟನಡುವ ಇರಬೇಕು. ಹಿಂದಿದ್ರ ಬೀಳ್ತಿ."

"ತೇಗ ಆಗಿದ್ರ ಸೀಳ್ತಿರಲಿಲ್ಲ," ಎನ್ನುತ್ತ ಅಟ್ಟದ ಕಡೆ ನೋಡಿದ.

"ಅಪ್ಪನ ಹಲಗಿ ಮುಟ್ಟಿದ್ಯೋ, ಅವತ್ತಿಗೆ ನಾನು ನಿನ್ನ ತಂಗಿ ಅಲ್ಲ!"

"ಛೆ ಛೆ, ಮುಟ್ತೀನೇನವಾ," ಎಂದು ಕೈ ಮುಗಿದ. ನಾನು ನಂಬಿದೆ. ಮಕ್ಕಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುವ ಟೀಚರು, ಇವನನ್ನು ನಂಬಿದೆ!

ವಾರ ಕಳೆದಿರಲಿಲ್ಲ. ಶಾಲೆಯಿಂದ ಬಂದರೆ ಹಿತ್ತಲ ತುಂಬ ತೇಗದ ಹೊಟ್ಟು. ಅಟ್ಟದ ಮೇಲೆ ಬರೀ ಬಟ್ಟೆ. ನನ್ನ ಮೇಜು, ಅಪ್ಪ ನನಗೆಂದು ಬಿಟ್ಟುಹೋದ ಒಂದೇ ಒಂದು ಸಾಮಾನು, ಎರಡು ಸೀಳಾಗಿ ಇವನ ಕಾಲಿಗೆ ಹೋಗಿತ್ತು. ಚೀಲ ಎಸೆದು ಬಂಡೆಗೆ ಓಡಿದೆ. ಅವತ್ತು ಅವನು ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅವನು ಬಂಡೆಯ ನೆತ್ತಿಯ ಮೇಲಿದ್ದ. ನನ್ನನ್ನು ಕಂಡು ಹೆದರಿಯೋ ಏನೋ, ಜಾರಿಯೇ ಬಿಟ್ಟ. ಸುಳ್ಳು ಯಾಕೆ ಹೇಳಲಿ, ಅರ್ಧ ಇಳಿಜಾರು ಚೆಂದವಾಗಿಯೇ ಬಂದ. ಹಿಂದೆ ಕಾಳಿನಲ್ಲಿ ಎರಡು ಗೆರೆ ನೇರವಾಗಿ ಮೂಡಿದವು. ಆಮೇಲೆ ಹಿಂದಕ್ಕೆ ವಾಲಿ, ಅಂಗಾತ ಬಿದ್ದು, ಉರುಳಿ ನನ್ನ ಕಾಲ ಬುಡಕ್ಕೆ ಬಂದ. ಬಲಗೈ ಮುರಿದದ್ದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಅವನನ್ನು ಎತ್ತಲಿಲ್ಲ. ಕಳಚಿ ಬಿದ್ದ ಒಂದು ಹಲಗೆ ಎತ್ತಿಕೊಂಡೆ.

"ಬಾಗಿಲ ತುಂಬ ನೀನ ಬರದೀಯಲ್ಲೋ, ಪಾದ ನಡುವ ಇರಬೇಕು ಅಂತ! ಮತ್ತ ಗೇಣು ಹಿಂದಕ್ಕ ಕಟ್ಟೀಯಲ್ಲ! ನನ್ನ ಹಲಗೀನೂ ಹಾಳ್ ಮಾಡಿ, ಕೈನೂ ಮುರಕೊಂಡ್ಯಲ್ಲೋ! ನೀನ ಬರದಿದ್ದು ನಿನಗ ಓದಾಕ ಬರಲ್ಲೇನು?"

ಅವನು ಮುರಿದ ಕೈ ಹಿಡಿದುಕೊಂಡು ನೆಲ ನೋಡಿದ.

"ನಡುವ ಅಪ್ಪನ ಅಕ್ಷರ ಅದಾವಲ್ಲವಾ. ಅದರ ಮ್ಯಾಲೆ ಕಾಲು ಹೆಂಗ ಇಡ್ಲಿ? ಹಲಗಿ ತಿರುವಿ ಹಾಕಿದ್ರ ಬಂಡೆಗ ತಿಕ್ಕಿ ಅಳಿಸಿ ಹೋಗ್ತಿದ್ವು."

ಹಲಗೆ ನೋಡಿದೆ. ಉಳಿ ಹಿಡಿಯಲು ಬಾರದವನು ಅದನ್ನು ಕನ್ನಡಿಯ ಹಾಗೆ ಹೆರೆದು ನುಣುಪು ಮಾಡಿದ್ದ. ನಡುವೆ ಒಂದು ಅಂಗೈಯಗಲ ಮಾತ್ರ ಹೆರೆಯದೆ ಒರಟಾಗಿಯೇ ಬಿಟ್ಟಿದ್ದ. ಅಲ್ಲಿ ಅಪ್ಪನ ಸೊಟ್ಟ ಅಕ್ಷರದಲ್ಲಿ ನನ್ನ ಹೆಸರು, ಆಗದ ಮೇಜಿನ ಅಳತೆ.

ಬೈಯಲು ಇನ್ನೂ ಬೇಕಾದಷ್ಟಿತ್ತು. ಕಾಳಿನ ಮೇಲೆಯೇ ಕುಳಿತು, ಅವನ ಕೈಯನ್ನು ನನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ. ಕಣ್ಣೀರು ನಿಲ್ಲಲೊಲ್ಲದು. ಪೆನ್ಸಿಲ್ಲಿನ ಅಕ್ಷರ, ನೆಂದರೆ ಅಳಿಸಿಹೋದೀತೆಂದು ಹಲಗೆಯನ್ನು ತೊಡೆಯ ಮೇಲಿಂದ ಆಚೆ ಸರಿಸಿದೆ.