ಕಾಜು ಫ್ಯಾಕ್ಟರಿಯ ಬಾಯ್ಲರು ಮತ್ತು ನನ್ನ ಹತ್ತು ನಿಯಮಗಳು

ಬಾಯ್ಲರ್ ಎಂದೂ ತಪ್ಪು ಮಾಡುವುದಿಲ್ಲ. ಹಾಕಿದಷ್ಟು ನೀರು ಕುಡಿಯುತ್ತದೆ, ಕೊಟ್ಟಷ್ಟು ಬೆಂಕಿ ತಿನ್ನುತ್ತದೆ, ಒತ್ತಡ ಹೆಚ್ಚಾದರೆ ಕೂಗಿ ಹೇಳುತ್ತದೆ. ತಪ್ಪೆಲ್ಲ ಅದರ ಸುತ್ತ ನಿಂತ ಎರಡು ಕಾಲಿನವರದು. ಆ ಎರಡು ಕಾಲಿನವರು ಇರುವತನಕ ಬಾಯ್ಲರ್ ಮನೆಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬಾಯ್ಲರ್ ಅಟೆಂಡೆಂಟ್ ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟಿನ ಮಸಿ ಆರುವ ಮೊದಲೇ ಖಾನಾಪುರದ ಹೊರಗಿನ ಒಂದು ಕಾಜು ಫ್ಯಾಕ್ಟರಿಗೆ ಸೇರಿದ್ದೆ. ಬೆಳಗಾವಿಯ ಟಿಳಕವಾಡಿಯ ಬಾಡಿಗೆ ಮನೆಯಿಂದ ದಿನಾ ಬೆಳಗ್ಗೆ ರೈಲು ಹಿಡಿದು ಹೋಗುವುದು. ಅಲ್ಲಿ ಗೋಡಂಬಿ ಬೀಜವನ್ನು ಆವಿಯಲ್ಲಿ ಬೇಯಿಸುತ್ತಿದ್ದರು. ಬೆಂದ ಬೀಜವನ್ನು ನಲವತ್ತು ಹೆಣ್ಣುಮಕ್ಕಳು ಶೆಡ್ಡಿನಲ್ಲಿ ಸಾಲಾಗಿ ಕುಳಿತು ಒಡೆಯುತ್ತಿದ್ದರು. ಆ ಆವಿ ಕೊಡುವ ಬಾಯ್ಲರು ನನ್ನ ವಶಕ್ಕೆ! ಒಂದಾಳಿಗಿಂತ ಎತ್ತರ, ದಪ್ಪ ಹೊಟ್ಟೆ, ತಲೆಯ ಮೇಲೆ ಹೊಗೆಕೊಳವೆ. ಮೊದಲ ದಿನ ಅದನ್ನು ಕಂಡಾಗ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಆ ಮಾತನ್ನು ಉತ್ಸಾಹದಲ್ಲಿ ಹೆಂಡತಿಗೂ ಹೇಳಿಬಿಟ್ಟೆ. ಸುರಕ್ಷತೆಯ ದೃಷ್ಟಿಯಿಂದ ಅದು ನನ್ನ ಮೊದಲ ತಪ್ಪು.

ಹಲಗೆ

ಸೇರಿದ ವಾರದಲ್ಲೇ ಒಂದು ದೊಡ್ಡ ಹಲಗೆ ತರಿಸಿ, ಕೆಂಪು ಬಣ್ಣದಲ್ಲಿ ಹತ್ತು ನಿಯಮ ಬರೆದೆ. ಬಾಯ್ಲರಿನ ಮೇಲೆ ಏನೂ ಇಡಬಾರದು, ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡುತ್ತಿರಬೇಕು, ಅನಧಿಕೃತ ವ್ಯಕ್ತಿಗಳು ಒಳಗೆ ಬರಬಾರದು, ಹೀಗೆ. ಮೇಲೆ ಕನ್ನಡ, ಕೆಳಗೆ ಮರಾಠಿ. ಖಾನಾಪುರದಲ್ಲಿ ಒಂದೇ ಭಾಷೆಯಲ್ಲಿ ಬರೆದರೆ ಅರ್ಧ ಜನಕ್ಕೆ ಮಾತ್ರ ಅಪಾಯ ಎಂದಾಗುತ್ತದೆ.

ಆದರೆ ಓದುವವರು ಯಾರು? ಬೀಜ ಒಡೆಯುವ ಹೆಣ್ಣುಮಕ್ಕಳಿಗೆಲ್ಲ ಹಿರಿಯಳಾದ ಒಬ್ಬ ಹೆಂಗಸು ಇದ್ದಳು, ಎಲ್ಲರೂ ಮಾವಶಿ ಎನ್ನುತ್ತಿದ್ದರು. ಆಕೆ ನೇರವಾಗಿ ಹೇಳಿದಳು: "ತಮ್ಮಾ, ನಮಗ ಓದಾಕ ಬರಂಗಿಲ್ಲ. ನೀನ ಓದಿ ಹೇಳು."

ಸರಿ, ದಿನಾ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಓದತೊಡಗಿದೆ. ಅವರು ಕೈಮುಗಿದು ಕೇಳಿ, ಕೊನೆಗೆ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಎರಡು ತಿಂಗಳ ಮೇಲೆ ಒಂದು ದಿನ ರೈಲು ತಡವಾಯಿತು. ಸ್ಟೇಷನ್ನಿನಿಂದ ಏದುಸಿರು ಬಿಡುತ್ತ ಓಡಿ ಬಂದರೆ ಏನು ನೋಡಲಿ! ಮಾವಶಿ ಹಲಗೆಯ ಮುಂದೆ ನಿಂತು ಒಂದಕ್ಷರ ತಪ್ಪದೆ ಹತ್ತೂ ನಿಯಮ ಹೇಳುತ್ತಿದ್ದಾಳೆ, ಹಿಂದೆ ಎಲ್ಲರೂ ಒಕ್ಕೊರಲಿನಿಂದ ಹೇಳುತ್ತಿದ್ದಾರೆ. ನನ್ನ ಕಣ್ಣು ಒದ್ದೆಯಾಯಿತು.

"ಮಾವಶಿ, ಶಾಬ್ಬಾಸ! ಹಂಗಾರ ನಾಕನೇ ನಿಯಮದ ಅರ್ಥ ಹೇಳು ನೋಡೂಣು" ಎಂದೆ.

ಮಾವಶಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅರ್ಥ ಯಾಕ ಬೇಕ ತಮ್ಮಾ? ಮಂತ್ರಕ್ಕ ಯಾರರೆ ಅರ್ಥ ಕೇಳ್ತಾರೇನು?"

ಒಂಬತ್ತು ಗಂಟೆಯ ಸೋರಿಕೆ

ಮಳೆಗಾಲದಲ್ಲಿ ಒಂದು ವಿಚಿತ್ರ ಶುರುವಾಯಿತು. ದಿನಾ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಒತ್ತಡ ಇಳಿಯುವುದು, ಕಾಲು ಗಂಟೆಯಲ್ಲಿ ಮತ್ತೆ ಏರುವುದು. ಎಲ್ಲೋ ಆವಿ ಸೋರುತ್ತಿದೆ! ಪುಸ್ತಕ ತೆಗೆದೆ, ಒಂದೊಂದೇ ಜೋಡಣೆ ಬಿಚ್ಚಿ ಬಿಗಿದೆ, ಎಂಟು ದಿನ ಊಟ ಸೇರಲಿಲ್ಲ. ಸೋರುವ ನಳಿಗೆ ಗಡಿಯಾರ ನೋಡಿ ಸೋರುತ್ತದೆಯೇ?

ಒಂಬತ್ತನೆಯ ದಿನ ಫ್ಯಾಕ್ಟರಿಯ ಹಿಂದಿನ ಗೋಡೆಯಲ್ಲಿ ಒಂದು ತೆಳ್ಳನೆಯ ನಳಿಗೆ ಕಂಡಿತು. ಬಳ್ಳಿಯ ಮರೆಯಲ್ಲಿ ಅದು ಗೋಡೆ ದಾಟಿ, ಅಂಗಳ ದಾಟಿ, ಪಕ್ಕದಲ್ಲೇ ಇದ್ದ, ಫ್ಯಾಕ್ಟರಿಯ ಮಾಲೀಕರಾದ ಸಾವಕಾರರ ಮನೆಯ ಬಚ್ಚಲೊಳಗೆ ಹೋಗಿತ್ತು. ಒಳಗಿನಿಂದ ಹಾಡು ಕೇಳುತ್ತಿತ್ತು. ಸಾವಕಾರರ ವಯಸ್ಸಾದ ತಂದೆ ಬಕೆಟ್ಟಿನ ನೀರಿಗೆ ನಮ್ಮ ಆವಿ ಬಿಟ್ಟು ಕಾಯಿಸಿಕೊಂಡು ಜಳಕ ಮಾಡುತ್ತಿದ್ದರು.

ಆ ನಳಿಗೆ ಒಡೆದರೆ ಅಜ್ಜಾರ ಗತಿ ಏನು? ಪುಸ್ತಕದಲ್ಲಿದ್ದಂತೆ ಸಾವಕಾರರಿಗೇ ಲಿಖಿತ ನೋಟಿಸು ಕೊಟ್ಟೆ. ಅವರು ಓದಿ ಕೆಂಪಾದರು. "ಬಾಯ್ಲರ್ ನಂದು, ನೀರ ನಂದು, ಅಪ್ಪ ನನ್ನಪ್ಪ. ಇದರಾಗ ನಿಂದೇನೋ?"

ಅಷ್ಟರಲ್ಲಿ ಅಜ್ಜಾರೇ ಕೋಲೂರಿಕೊಂಡು ಬಂದರು. "ಅವ ಹೇಳೂದು ಖರೇ ಐತಿ. ಮನೀ ತನಕ ಆವಿ ತರೂದು ಅಪಾಯನ. ಆ ನಳಿಗಿ ಕಿತ್ತ ಹಾಕ್ರಿ" ಎಂದರು. ನನಗೆ ಅವರ ಕಾಲು ಮುಟ್ಟಬೇಕೆನಿಸಿತು.

ಮರುದಿನ ಒಂಬತ್ತಕ್ಕೆ ನಮ್ಮ ಬಾಯ್ಲರ್ ಮನೆಯ ಬಾಗಿಲಲ್ಲಿ ಅಜ್ಜಾರು ಪ್ರತ್ಯಕ್ಷ. ಹೆಗಲಮೇಲೆ ಟವೆಲ್ಲು, ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಸಾಬೂನು. "ಆವಿ ಅಲ್ಲಿ ಬರಬಾರದಲ್ಲಾ, ಅದಕ್ಕ ನಾನ ಇಲ್ಲಿ ಬಂದೇನಿ. ಎಲ್ಲಿ ಕುಂದರ್ಲಿ?"

ಮನೆಯ ಬಾಯ್ಲರು

ಇಷ್ಟೆಲ್ಲ ಕಂಡ ಮೇಲೆ ನಮ್ಮ ಮನೆಯ ಕುಕ್ಕರನ್ನು ಸುಮ್ಮನೆ ಬಿಡುವುದುಂಟೆ? ಅದೂ ಒತ್ತಡದ ಪಾತ್ರೆಯೇ. ಒಂದು ಭಾನುವಾರ ಅಡುಗೆಮನೆಗೆ ನುಗ್ಗಿ, ಗ್ಯಾಸ್ಕೆಟ್ಟು ಎಳೆದು ನೋಡಿ, ಸೀಟಿಯ ತೂತು ಊದಿ, ಒಂದು ಗಂಟೆ ಉಪನ್ಯಾಸ ಕೊಟ್ಟೆ. ಅಲ್ಲಿಗೂ ಬಿಡದೆ ನೂರು ಪುಟದ ನೋಟ್‌ಬುಕ್ಕೊಂದನ್ನು ಹೆಂಡತಿಯ ಕೈಗಿಟ್ಟು, ಫ್ಯಾಕ್ಟರಿಯಲ್ಲಿರುವಂತೆ ಇಲ್ಲೂ ದಾಖಲೆ ಇಡಬೇಕು, ನೀರೆಷ್ಟು, ಸೀಟಿ ಎಷ್ಟು, ಅಪಾಯದ ಸೂಚನೆ ಏನಾದರೂ ಇತ್ತೇ, ಎಲ್ಲ ಬರೆಯಬೇಕು ಎಂದೆ.

ಆಕೆ ಪೆನ್ನು ತೆಗೆದುಕೊಂಡಳು. ಮಧ್ಯಾಹ್ನ ನಾನು ತಪಾಸಣೆಗೆ ಕುಳಿತೆ. ದುಂಡನೆಯ ಅಕ್ಷರದಲ್ಲಿ ಬರೆದಿತ್ತು: "ನೀರು: ಬೇಕಾದಷ್ಟು. ಸೀಟಿ: ನಾಲ್ಕು. ಅಪಾಯ: ಬೆಳಗಿನಿಂದ ಒಬ್ಬ ಅನಧಿಕೃತ ವ್ಯಕ್ತಿ ಒಳಗಿದ್ದಾನೆ, ಹೊರಗೆ ಹೋಗೆಂದರೂ ಹೋಗುತ್ತಿಲ್ಲ."

ಸಾಹೇಬರ ಪ್ರಶ್ನೆ

ಇನ್ನು ನಗು ಸ್ವಲ್ಪ ಬದಿಗಿಡಬೇಕು, ಯಾಕೆಂದರೆ ತಪಾಸಣೆಯ ಸಾಹೇಬರು ಬಂದರು. ಬಾಯ್ಲರಿಗೆ ವರ್ಷಕ್ಕೊಮ್ಮೆ ಬೆಳಗಾವಿಯಿಂದ ಬಂದು ನೋಡಿ ಸರ್ಟಿಫಿಕೇಟು ಕೊಡುವುದು ಅವರ ಕೆಲಸ. ಕೊಡದಿದ್ದರೆ ಬಾಯ್ಲರಿಗೆ ಸೀಲು. ಸೀಲು ಬಿದ್ದರೆ ಬೀಜ ಬೇಯುವುದಿಲ್ಲ, ಬೀಜ ಬೇಯದಿದ್ದರೆ ನಲವತ್ತು ಜನ ಮನೆಯಲ್ಲಿ.

ಸಾಹೇಬರು ನಗುವ ಪೈಕಿ ಅಲ್ಲ. ಒಂದು ತಾಸು ಬಾಯ್ಲರನ್ನು ಬಡಿದು, ತಟ್ಟಿ, ಬ್ಯಾಟರಿ ಹಿಡಿದು ನೋಡಿದರು. ಎಲ್ಲ ಸರಿ ಇತ್ತು. ಕೊನೆಗೆ ಬೆಂಕಿ ಹಾಕುವ ಕಾಕಾನ ಕಡೆ ತಿರುಗಿದರು. ಕಾಕಾ ಪಾರಿಶ್ವಾಡದವನು. ಅರ್ಧ ಆಯುಷ್ಯ ಕುರಿ ಕಾಯ್ದು, ಆಮೇಲೆ ಸಂಬಳದ ಕೆಲಸಕ್ಕೆ ಬಂದವನು. ಕಿಸೆಯಲ್ಲಿ ಸದಾ ಒಂದು ಹಳೇ ಕನ್ನಡಕ, ಅವನ ಮಾತಿನಲ್ಲಿ ಚಾಳೀಸ.

"ಏನಪಾ, ಈ ಗಾಜಿನ ನಳಿಗ್ಯಾಗ ನೀರು ಕಾಣಲಿಲ್ಲ ಅಂದ್ರ ಏನ ಮಾಡ್ತಿ?"

ಬಾಯ್ಲರ್ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಕೂಡಲೇ ಬೆಂಕಿ ಎಳೆಯಬೇಕು, ಅಂದರೆ ಒಲೆಯ ಕೆಂಡವನ್ನೆಲ್ಲ ಹೊರಗೆ ತೆಗೆಯಬೇಕು, ತಣ್ಣೀರು ಮಾತ್ರ ಬಿಡಬಾರದು, ಬಿಟ್ಟರೆ ಬಾಯ್ಲರೂ ಇಲ್ಲ ನಾವೂ ಇಲ್ಲ. ನಾನು ಸಾಹೇಬರ ಬೆನ್ನ ಹಿಂದೆ ನಿಂತು, ಬೆಂಕಿ ಎಳೆಯುವ ಹಾಗೆ ಎರಡೂ ಕೈಯಿಂದ ಸನ್ನೆ ಮಾಡಿದೆ. ಕಾಕಾ ನನ್ನನ್ನು ನೋಡಿ, ನಳಿಗೆಯನ್ನು ನೋಡಿ, ಪ್ರಾಮಾಣಿಕವಾಗಿ ಹೇಳಿದ:

"ಚಾಳೀಸ ಹಾಕ್ಕೊಂಡ ನೋಡ್ತೇನ್ರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ದಸರಾ ಮುಗದ ಮರುದಿನ ಮತ್ತ ಬರ್ತೇನಿ. ಆವತ್ತ ಆವಿ ಏರಿಸಿ ಸೇಫ್ಟಿ ವಾಲ್ವ್ ನೋಡ್ತೇನಿ. ಈ ಮನಷ್ಯಾಗ ಕಲಸ್ರಿ. ಅವತ್ತೂ ಸರಿ ಇರಲಿಲ್ಲಂದ್ರ ಸೀಲ್."

ಸಾವಕಾರರು ನನ್ನನ್ನು ಬದಿಗೆ ಕರೆದರು. "ಗ್ವಾಡಿ ತುಂಬ ನಿಯಮ ಬರದಾವ ನೀನು. ಸೀಲ್ ಬಿತ್ತಂದ್ರ ನೀ ಮನೀಗೆ ಹೋಗಾವ."

ಆ ಒಂದು ತಿಂಗಳು ಕಾಕಾನನ್ನು ದಿನಕ್ಕೆ ಹತ್ತು ಸಲ ಬೆಂಕಿ ಎಳೆಸಿದೆ. ಅವನು ಬೇಸರಿಸದೆ ಎಳೆದ, ಒಂದೇ ಒಂದು ಸಲ ಗೊಣಗಿದ: "ಕುರಿಗೋಳು ಛಲೋ ಇದ್ದುವಪಾ. ಅವಕ್ಕ ಸಾಹೇಬ್ರು ಬರ್ತಿದ್ದಿಲ್ಲ."

ಏಳು ಕಿಲೋ

ತಪಾಸಣೆಗೆ ಎರಡು ದಿನ ಮೊದಲು ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮ ಕಡೆ ಆ ದಿನ ಯಂತ್ರಗಳಿಗೆಲ್ಲ ಪೂಜೆಯಾಗಲೇಬೇಕು. ನಾನು ಮೊದಲೇ ಕಟ್ಟುನಿಟ್ಟು ಮಾಡಿದ್ದೆ: ಗೇಜಿನ ಮೇಲೆ ಕುಂಕುಮ ಬೇಡ, ಗಾಜಿನ ನಳಿಗೆಗೆ ವಿಭೂತಿ ಬೇಡ, ಹೂವು ಎಷ್ಟಾದರೂ ಹಾಕಿ. ಹೆಣ್ಣುಮಕ್ಕಳು ಚಾಚೂ ತಪ್ಪದೆ ಪಾಲಿಸಿದರು. ಬಾಯ್ಲರು ಚೆಂಡುಹೂವಿನಲ್ಲಿ ಮುಳುಗಿ ಮದುಮಗನಂತೆ ನಿಂತಿತ್ತು. ಆ ಹೂವಿನ ಮೇಲಿನ ಪ್ರೀತಿಗೆ ತಪಾಸಣೆಯ ದಿನವೂ ಅದನ್ನು ತೆಗೆಸಲಿಲ್ಲ. ಬೆಳಗ್ಗೆ ಏಣಿ ಹತ್ತಿ ವಾಲ್ವನ್ನು ಕಣ್ಣಾರೆ ನೋಡಬೇಕಿತ್ತು, ಅದನ್ನು ಬಿಟ್ಟು ಗೇಜಿನ ಗಾಜು ಒರೆಸುತ್ತ ನಿಂತೆ.

ಸೇಫ್ಟಿ ವಾಲ್ವ್ ಎಂದರೆ ಬಾಯ್ಲರಿನ ತಲೆಯ ಮೇಲಿರುವ ಒಂದು ಬಾಯಿ. ಅದನ್ನು ಮುಚ್ಚಿ ಹಿಡಿಯಲು ತಕ್ಕಡಿಯ ದಂಡದಂತಹ ಒಂದು ಕಬ್ಬಿಣದ ತೋಳು, ತೋಳಿಗೆ ಅಳೆದು ಹಾಕಿದ ತೂಕ. ನಮ್ಮದರಲ್ಲಿ ಒತ್ತಡ ಏಳು ಕಿಲೋ ಮುಟ್ಟಿದರೆ ಆ ತೋಳು ಎದ್ದು ಆವಿ ಹೊರಗೆ ಹೋಗಬೇಕು.

ಸಾಹೇಬರು ಗೇಜಿನ ಮುಂದೆ ನಿಂತರು. ಕಾಕಾ ಬೆಂಕಿ ಹಾಕಿದ. ಐದು, ಆರು, ಆರೂವರೆ. ಹೊರಗೆ ಬಾಗಿಲಲ್ಲಿ ನಲವತ್ತು ಮುಖಗಳು. ಏಳು! ನಾನು ಕಿವಿ ಮುಚ್ಚಿಕೊಂಡೆ. ಏನೂ ಆಗಲಿಲ್ಲ. ಏಳೂ ಕಾಲು. ಮುಳ್ಳು ಏಳೂವರೆಯ ಕಡೆ ಹೊರಟಿತು. ಸಾಹೇಬರ ಹಣೆಯಲ್ಲಿ ಬೆವರು, ನನ್ನ ಮೈಯೆಲ್ಲ ಬೆವರು. ನನ್ನ ಕೆಲಸ ಹೋಗುವುದಿರಲಿ, ಛಾವಣಿಯೇ ಹೋಗುತ್ತದೆ ಎನಿಸಿತು.

"ಕಾಕಾ, ಬೆಂಕಿ ಎಳಿ!" ಎಂದು ಕಿರುಚಿದೆ. ಕಾಕಾ ಆಗಲೇ ಎಳೆಯುತ್ತಿದ್ದ! ಒಂದು ಹೆಜ್ಜೆ ಹಿಂದೆ ಸರಿಯದೆ ಕೆಂಡವನ್ನೆಲ್ಲ ಹೊರಗೆಳೆದ. ನಾನು ಬೀಜ ಬೇಯಿಸುವ ಕಡೆಗೆ ಆವಿ ಬಿಟ್ಟೆ. ಮುಳ್ಳು ಅಲ್ಲೇ ನಿಂತಿತು. ಉಸಿರು ಬಂತು. ಆಗ ತಲೆಯೆತ್ತಿ ನೋಡಿದೆ. ಹೊಗೆಕೊಳವೆಯ ಮಗ್ಗುಲಲ್ಲಿ, ಚೆಂಡುಹೂವಿನ ಮರೆಯಲ್ಲಿ, ವಾಲ್ವಿನ ತೋಳಿನ ತುದಿಗೆ ಒಂದು ಭರ್ಜರಿ ಬೂದುಗುಂಬಳಕಾಯಿ ತೂಗಾಡುತ್ತಿತ್ತು. ಅರಿಷಿಣ ಕುಂಕುಮ ಹಚ್ಚಿಸಿಕೊಂಡು ತೋಳನ್ನು ಕೆಳಕ್ಕೆ ಜಗ್ಗಿ ಕುಳಿತಿತ್ತು.

ಹತ್ತಿರ ಹೋಗಿ ಬಿಚ್ಚುವಂತಿಲ್ಲ, ಬಿಚ್ಚಿದೊಡನೆ ಆವಿ ಮುಖಕ್ಕೇ ಹೊಡೆಯುತ್ತದೆ. ಕಾಕಾ ಹೊರಗೆ ಓಡಿ ಕುರಿ ಕಾಯುವಾಗಿನಿಂದ ಜೊತೆಗಿಟ್ಟುಕೊಂಡಿದ್ದ, ಸೊಪ್ಪು ಕಡಿಯಲು ಉದ್ದ ಗಳಕ್ಕೆ ಕುಡುಗೋಲು ಕಟ್ಟಿದ್ದನ್ನು ತಂದ. ದೂರ ನಿಂತು ಒಂದೇ ಏಟಿಗೆ ಹಗ್ಗ ಕಡಿದ. ಕುಂಬಳಕಾಯಿ ಗೋಡಂಬಿ ಸಿಪ್ಪೆಯ ರಾಶಿಯ ಮೇಲೆ ಧೊಪ್ಪನೆ ಬಿತ್ತು. ಆ ಕ್ಷಣವೇ ವಾಲ್ವು ತೆರೆದು ಎಂಥ ಗರ್ಜನೆ! ಚೆಂಡುಹೂವೆಲ್ಲ ಛಾವಣಿಗೆ ಹಾರಿತು. ಹೊರಗೆ ಹೆಣ್ಣುಮಕ್ಕಳು ಚಪ್ಪಾಳೆ ಹೊಡೆದರು.

ಆವಿ ತಣ್ಣಗಾದ ಮೇಲೆ ಸಾಹೇಬರು ಕೇಳಿದರು: "ಇದನ್ನ ಯಾರು ಕಟ್ಟಿದ್ರು?"

ಮಾವಶಿ ಧೈರ್ಯವಾಗಿ ಮುಂದೆ ಬಂದಳು. ಹಿಂದಿನ ಸಲ ಶೆಡ್ಡಿನಲ್ಲೇ ಕೆಲಸದಲ್ಲಿದ್ದ ಆಕೆ ಸಾಹೇಬರ ಮುಖ ನೋಡಿರಲಿಲ್ಲ. "ನಾವ ಕಟ್ಟೇವ್ರಿ. ಹೋದ ತಿಂಗಳ ಯಾರೋ ಒಬ್ಬ ಸಾಹೇಬ ಬಂದು ನೋಡಿಹ್ವಾದ, ಆವತ್ತಿಂದ ಬಾಯ್ಲರಿಗೆ ಪೀಡಾ ಗಂಟಬಿತ್ತು. ಅವನ ಕಣ್ಣ ಭಾಳ ಕೆಟ್ಟ ಅದಾವಂತ್ರಿ. ಇವತ್ತ ಮತ್ತ ಅವನ ಬರ್ತಾನಂತ ಕೇಳಿದ್ವಿ. ದೃಷ್ಟಿ ಆಗಬಾರದಂತ ಕಟ್ಟಿದ್ವಿ." ಸುತ್ತ ಒಮ್ಮೆ ನೋಡಿ ಅವರನ್ನೇ ಕೇಳಿದಳು: "ಅವ ಬಂದಾನೇನ್ರಿ?"

"ಬಂದಾನ" ಎಂದರು ಸಾಹೇಬರು.

ಮತ್ತೆ ಬೆಂಕಿ ಹಾಕಿಸಿದರು. ಈ ಸಲ ಸರಿಯಾಗಿ ಏಳಕ್ಕೆ ವಾಲ್ವು ತೆರೆಯಿತು. ಆದರೂ ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಕುಂಬಳಕಾಯಿಯನ್ನು ಎತ್ತಿಸಿ ತಮ್ಮ ಜೀಪಿನಲ್ಲಿ ಇಡಿಸಿಕೊಂಡರು. "ಸೋಮವಾರ ಆಫೀಸಿಗೆ ಬರ್ರಿ. ಅಲ್ಲೀತನ ಬೆಂಕಿ ಹಾಕಬ್ಯಾಡ್ರಿ" ಎಂದಷ್ಟೇ ಹೇಳಿ ಹೊರಟರು.

ಜಪ್ತಿ! ಸಾಕ್ಷಿಗೆಂದೇ ಒಯ್ದರು, ನನ್ನ ಕಥೆ ಮುಗಿಯಿತು ಎಂದುಕೊಂಡೆ. ನಲವತ್ತು ಜನ ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು. ಸಾವಕಾರರು ನನ್ನೊಡನೆ ಮಾತು ಬಿಟ್ಟರು. ಮೂರು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ಕೂಡ ತಮಾಷೆ ಮಾಡದೆ ಸುಮ್ಮನೆ ಊಟಕ್ಕೆ ಬಡಿಸಿದಳು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸೋಮವಾರ ಬೆಳಗ್ಗೆ ಬೆಳಗಾವಿಯ ಆಫೀಸಿಗೆ ಹೋದೆ. ಸಾಹೇಬರು ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ನನ್ನನ್ನು ಕಂಡವರೇ ಮೇಜಿನಿಂದ ಒಂದು ಹಾಳೆ ಎತ್ತಿ ಕೈಗಿಟ್ಟರು. ಸರ್ಟಿಫಿಕೇಟು! ಪೂರಾ ಒಂದು ವರ್ಷಕ್ಕೆ! "ವಾಲ್ವ್ ಏಳಕ್ಕ ಎದ್ದತಿ. ಆ ಮನಷ್ಯಾ ಓಡಿಹೋಗದ ಬೆಂಕಿ ಎಳದಾನ. ನನಗ ಅಷ್ಟ ಸಾಕು. ಇನ್ನ ನಡೀರಿ ಲಗೂ."

ಕೈಮುಗಿದೆ, ಕುಣಿಯುವುದೊಂದು ಬಾಕಿ. ತಿರುಗಿ ಬಾಗಿಲ ಕಡೆ ಹೆಜ್ಜೆ ಹಾಕಿದವನು ಅಲ್ಲೇ ನಿಂತೆ. ಬಾಗಿಲ ಮೇಲೆ ಬೂದುಗುಂಬಳಕಾಯಿ ತೂಗುತ್ತಿತ್ತು. ಅದೇ ಕಾಯಿ, ಅದೇ ಅರಿಷಿಣ ಕುಂಕುಮ. ಕುಡುಗೋಲು ಕಡಿದ ಹಗ್ಗಕ್ಕೆ ಹೊಸ ಗಂಟು ಬಿದ್ದಿತ್ತು.

ಸಾಹೇಬರು ಒಮ್ಮೆ ಕೆಮ್ಮಿದರು. "ಇವತ್ತ ಬೆಂಗಳೂರಿಂದ ನಮ್ಮ ಮ್ಯಾಲಿನ ಸಾಹೇಬ್ರು ಈ ಆಫೀಸಿನ ತಪಾಸಣಿಗೆ ಬರಾಕತ್ತಾರ" ಎಂದು ಮೆಲ್ಲಗೆ ಹೇಳಿದರು. ಆಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡು ಗಂಭೀರವಾದರು:

"ಆದ್ರ ನೋಡ್ರಿ, ನಾ ನಿಯಮದ ಪ್ರಕಾರ ಕಟ್ಟೇನಿ. ವಾಲ್ವಿಗಲ್ಲ, ಗ್ವಾಡಿ ಮೊಳಿಗೆ ಕಟ್ಟೇನಿ."