ನಮ್ಮ ಚಾಳಿನಾಗ ಉರ್ದು ಡ್ರಾಮಾ

ನಮ್ಮ ಖೋಲ್ಯಾಗ ಟಿವಿ ಹಚ್ಚಿದ್ರ ಸಾಕು, ಏನರೆ ಒಂದು ತಮಾಷಾ ಆಗದ ಬಿಡಂಗಿಲ್ಲ. ನಾ ಗೌಂಡಿ ಕೆಲಸದಂವ. ಅರ್ಧಾ ಮುಂಬೈ ನಾನ ಕಟ್ಟೀನಿ ಅಂದ್ರೂ ತಪ್ಪಿಲ್ಲ. ಸಾಲಿ ಕಲ್ತಿಲ್ಲ, ಆದ್ರ ಸೈಟಿನ್ಯಾಗ ಉರ್ದು ಕಲ್ತೀನಿ. ದಹಿಸರದ ಈ ಚಾಳಿನಾಗ ಉರ್ದು ತಿಳಿಯೋ ಕನ್ನಡದಂವ ನಾ ಒಬ್ಬನ.

ಮರ್ಯಾದಿ

ಟಿವ್ಯಾಗ ಒಂದು ಉರ್ದು ಡ್ರಾಮಾ ಬರ್ತದ, ಗಂಡ ಹೆಂಡ್ತೀನ ಹೊಡಿಯೋದು. ಸಂಜಿಗೆ ಹೆಣ್ಮಕ್ಕಳೆಲ್ಲ ಬಂದು ಕುಂದರ್ತಾರ, ನಾ ಕನ್ನಡದಾಗ ಬಿಡಿಸಿ ಹೇಳ್ತೀನಿ. ಆ ಗಂಡ ರಪ್ಪಂತ ಕಪಾಳಕ್ಕ ಬಿಟ್ಟ.

"ಏನಂದ ಕಾಕಾ?"

"'ನೀವು ಎದುರು ಮಾತಾಡಬ್ಯಾಡ್ರಿ' ಅಂದ."

"ನೀವು ಅಂದನಾ?"

ನನ್ನ ಹೆಂಡ್ತಿ ನಿಟ್ಟುಸಿರು ಬಿಟ್ಲು. "ಹೊಡಿವಾಗ ಎಷ್ಟು ಮರ್ಯಾದಿ ನೋಡ್ರವ್ವಾ! ಇವ್ರು ಉಣ್ಣಾಕ ಕರಿವಾಗೂ 'ಲೇ' ಅಂತಾರ."

ಗ್ವಾಡಿ

ಬಾಜೂ ಖೋಲ್ಯಾಗ ಕಲಬುರ್ಗಿ ಕಡಿ ರಿಕ್ಷಾದಂವ. ಖರೇನ ಹೆಂಡ್ತೀನ ಹೊಡಿತಾನ. ಒಂದಿನ ಪಾತ್ರೆ ಬಿದ್ದ ಸಪ್ಪಳ, ಅಳು. ಮ್ಯಾಲಿನ ಮಾಳಿಗಿ ಮುದುಕಿ ಓಡಿ ಬಂದ್ಲು. "ಯಾಕೋ, ನಾ ಬರೂತನಾ ಡ್ರಾಮಾ ಚಾಲೂ ಮಾಡಬ್ಯಾಡ ಅಂದಿದ್ನಲ್ಲ!"

"ಟಿವಿ ಬಂದ್ ಅದ, ಆಯಿ. ಬಾಜೂದವರದು."

"ಅವರದಾ? ಅದು ದಿನಾ ಇರೋದ ಬಿಡು. ಚಾ ಇಡು."

ನಾ ಬಿಡ್ತೀನಾ? ಗ್ವಾಡಿಗೆ ಗುದ್ದಿದೆ. ನನ್ನ ಕೈ ಭಾಳ ಗಟ್ಟಿ, ಗ್ವಾಡಿ ಬಿದ್ದೀತಂತ ಸ್ವಲ್ಪ ಮೆಲ್ಲಕ ಗುದ್ದಿದೆ. ಯಾರಿಗೂ ಕೇಳಿಸ್ಲಿಲ್ಲ.

ಚಿಲಕ

ಒಂದು ಸಂಜಿ ಆ ರಿಕ್ಷಾದಂವನೂ ನೋಡಾಕ ಬಂದ. ಅವನ ಹೆಂಡ್ತಿ ಮೂಲ್ಯಾಗ ಕುಂತಿದ್ಲು, ಬಾತ ಕೆನ್ನಿ ಮ್ಯಾಲ ಸೆರಗು. ಡ್ರಾಮಾದ ಹುಡುಗಿ ತುಟಿ ರಕ್ತ ಒರಸಿಕೊಂಡ್ಲು. ರಿಕ್ಷಾದಂವನ ಕಣ್ಣಾಗ ನೀರು! ಟಿವಿ ಕಡೆ ಕೈ ಮಾಡಿ ಒದರಿದ,

"ಥೂ, ಗಂಡಸೇನು ಇಂವ! ಏ ತಂಗಿ, ಹೊರಗ ಹಾಕವನ್ನ! ಕಾಲು ಹಿಡಿದ್ರೂ ಬಾಗಲಾ ತೆಗೀಬ್ಯಾಡ!"

ಅವನ ಹೆಂಡ್ತಿ ಸುಮ್ಮನ ಎದ್ದು ತನ್ನ ಮನಿಗೆ ಹೋದ್ಲು. ಚಿಲಕ ಬಿದ್ದ ಸಪ್ಪಳ ಕೇಳಿಸ್ತು.

ಡ್ರಾಮಾ ಮುಗಿದ ಮ್ಯಾಲ ಇಂವ ಹೋಗಿ ತನ್ನ ಮನಿ ಬಾಗಲಾ ಬಡದ. "ತೆಗಿಯೇ!"

"ತೆಗಿಯಂಗಿಲ್ರಿ."

ಹೆಣ್ಮಕ್ಕಳೆಲ್ಲ ಗ್ಯಾಲರಿಗೆ ಬಂದು ನಿಂತ್ರು. ಅವನ ದನಿ ಇಳೀತು. "ಕಾಕಾ, ನೀವರೆ ಹೇಳ್ರಿ."

ನಾ ಎದಿ ಉಬ್ಬಿಸಿ ಹೇಳಿದೆ, "ತಂಗಿ, ಹಿರಿಯಾ ಹೇಳಾಕತ್ತೀನಿ..." ನನ್ನ ಹೆಂಡ್ತಿ ನನ್ನ ನೋಡಿದ್ಲು. "...ತೆಗೀಬ್ಯಾಡ!"

ರಿಕ್ಷಾದಂವ ಬಾಗಲಾ ಒದ್ದ. "ಯಾಕ ತೆಗಿಯಂಗಿಲ್ಲ?"

ಒಳಗಿಂದ ಆಕಿ ಅಂದ್ಲು, "ನಿಮ್ಮ ಮಾತ ಕೇಳಂಗಿಲ್ಲಂತ ದಿನಾ ಹೊಡೀತಿದ್ರಿ. ಇವತ್ತ ಕೇಳಾಕತ್ತೀನ್ರಿ. ಮತ್ಯಾಕ ಸಿಟ್ಟು?"